ಅತ್ತೆಯ ಹಣೆಯ ಗೆರೆ

ನಮ್ಮ ಅತ್ತೆಯ ಹಣೆಯ ಮೇಲೆ, ವಿಭೂತಿ ಹಚ್ಚುವ ಜಾಗಕ್ಕಿಂತ ತುಸು ಮೇಲೆ, ಈ ಕಿವಿಯಿಂದ ಆ ಕಿವಿಯವರೆಗೆ ಒಂದು ಗೆರೆ ಇತ್ತು. ಅದು ಮುಪ್ಪಿನ ಸುಕ್ಕಲ್ಲ. ಗಂಜಿ ಹಾಕಿದ ಬಟ್ಟೆಯ ಅಂಚು ದಿನಾ ಒತ್ತಿ ಒತ್ತಿ ಅಲ್ಲಿ ಚರ್ಮ ತೆಳ್ಳಗಾಗಿ ಮಿಂಚುತ್ತಿತ್ತು. ಹೊರಗೆ ಹೊರಟಾಗ ಸೆರಗನ್ನು ಹುಬ್ಬಿನವರೆಗೆ ಎಳೆದು ಅದನ್ನು ಮುಚ್ಚಿಕೊಳ್ಳುತ್ತಿದ್ದಳು. ನೋಡಿದವರು ಎಂಥ ಮರ್ಯಾದಸ್ಥ ಹೆಂಗಸು ಅನ್ನುತ್ತಿದ್ದರು.

ಬೆಳಗಾವಿಯ ರವಿವಾರ ಪೇಟೆಯಲ್ಲಿ ನಮ್ಮದು ಫೇಟಾ, ಅಂದರೆ ತಲೆಗೆ ಸುತ್ತುವ ಪೇಟದ ಅಂಗಡಿ. ಮದುಮಗನಿಗೆ, ಬೀಗರಿಗೆ, ಸತ್ಕಾರ ಮಾಡಿಸಿಕೊಳ್ಳಲು ಬಂದ ದೊಡ್ಡವರಿಗೆ ಚೆಂದದ ಫೇಟಾ ಬೇಕೆಂದರೆ ಜನ ನಮ್ಮ ಅಪ್ಪನ ಹೆಸರು ಹೇಳುತ್ತಿದ್ದರು. ಅಪ್ಪನಿಗೋ ಒಂದು ಸುತ್ತೂ ನೆಟ್ಟಗೆ ಸುತ್ತಲು ಬರುತ್ತಿರಲಿಲ್ಲ. ಸುತ್ತುತ್ತಿದ್ದವಳು ಅತ್ತೆ, ಅಪ್ಪನ ಅಕ್ಕ. ಫೇಟಾ ಸುತ್ತಲು ಒಂದು ತಲೆ ಬೇಕು. ಅಜ್ಜನ ಕಾಲದಲ್ಲಿ ಅಪ್ಪ ಕೂತಲ್ಲಿ ಕೂರದ ಹುಡುಗ. ಹಾಗಾಗಿ ಅಜ್ಜ ಮಗಳನ್ನು ಕೂರಿಸಿಕೊಂಡು ಅವಳ ತಲೆಯ ಮೇಲೆ ಸುತ್ತುತ್ತಿದ್ದರು. ಹಾಗೆ ಕೂತು ಕೂತೇ ಅವಳು ಕಲಿತಳು. ಖಾನಾಪುರಕ್ಕೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡು, ತವರಿಗೆ ಮರಳಿದ ಮೇಲೆ ಅಂಗಡಿಯ ಹಿಂದಿನ ಕೋಣೆಯೇ ಅವಳ ಜಾಗವಾಯಿತು.

ಬಾಗಿಲು ಹಾಕಿಕೊಂಡು ಕನ್ನಡಿ ಮುಂದೆ ಕೂತು, ಬಟ್ಟೆಯ ಒಂದು ತುದಿ ಹಲ್ಲಲ್ಲಿ ಕಚ್ಚಿ ಸರಸರ ಸುತ್ತಿ, ತುರಾಯಿ ನಿಲ್ಲಿಸಿ, ಮೆಲ್ಲಗೆ ತಲೆಯಿಂದ ಎತ್ತಿ ಕೆಳಗಿಡುವಳು. ಅಂಗಡಿಯ ಮುಂಭಾಗದಲ್ಲಿ ಬಸವಣ್ಣನ ಫೋಟೊ ಕೆಳಗೆ ಕೂತ ಅಪ್ಪ "ಈಗಷ್ಟ ಸುತ್ತೇನಿ ನೋಡ್ರಿ" ಎಂದು ಅದನ್ನು ಗಿರಾಕಿಗೆ ಕೊಡುವನು. ವಿಧವೆಯ ತಲೆಯಿಂದ ಇಳಿದದ್ದು ಎಂದು ಗೊತ್ತಾದರೆ ಯಾವ ಮದುಮಗ ಮುಟ್ಟಿಯಾನು? ಮಾತು ಮನೆಯ ಹೊಸ್ತಿಲು ದಾಟಲಿಲ್ಲ.

ಆ ಕೋಣೆಯೊಳಗೆ ಬಿಟ್ಟಿದ್ದುದು ನನ್ನೊಬ್ಬಳನ್ನೇ. ಫೇಟಾ ತಲೆಯ ಮೇಲಿದ್ದಾಗ ಅತ್ತೆ ಬೇರೆಯೇ ಆಗುತ್ತಿದ್ದಳು. ಕುತ್ತಿಗೆ ನೆಟ್ಟಗಾಗುತ್ತಿತ್ತು, ಒಂದು ಮೊಣಕಾಲು ಮೇಲೇಳುತ್ತಿತ್ತು. ದನಿ ದಪ್ಪ ಮಾಡಿ "ಏನವಾ, ಇನ್ನಾ ಚಾ ಆಗಿಲ್ಲೇನ?" ಎಂದು ನನ್ನನ್ನು ಗದರುವಳು. ನಾನು ಬಿದ್ದು ಬಿದ್ದು ನಗುತ್ತಿದ್ದೆ.

"ನೋಡವಾ, ಗಂಡಸ್ತನ ಅಂದ್ರ ಇಷ್ಟ. ಗಂಜಿ ಹಾಕಿದ ಬಟ್ಟಿ. ಸುತ್ತಿದ್ರ ಬರ್ತೈತಿ, ಬಿಚ್ಚಿದ್ರ ಹೊಕ್ಕೈತಿ" ಅನ್ನುತ್ತಿದ್ದಳು. ಹೊರಗಿನಿಂದ ಅಪ್ಪ ಕೆಮ್ಮಿದರೆ ಸಾಕು, ಮೊಣಕಾಲು ಕೆಳಗೆ, ಸೆರಗು ಮೇಲೆ.

ಒಮ್ಮೆ ಖಾನಾಪುರದ ಮದುವೆಯೊಂದಕ್ಕೆ ನಾವೆಲ್ಲ ಹೋಗಿದ್ದೆವು. ಮೆರವಣಿಗೆಯಲ್ಲಿ ಗೆಳೆಯರು ಮದುಮಗನನ್ನು ಹೆಗಲ ಮೇಲೆ ಹೊತ್ತು ಕುಣಿಸುವಾಗ ಅವನ ಫೇಟಾ ಬಿಚ್ಚಿಹೋಯಿತು. ಎಲ್ಲರೂ ಅಪ್ಪನನ್ನು ಕೂಗಿದರು. ಅಪ್ಪ ಬೆವೆತುಹೋದ. "ಗಾಳಿ ಭಾಳ ಐತಿ, ಒಳಗ ಸುತ್ತಿ ತರ್ತೀನ್ರಿ" ಎಂದು ಬಟ್ಟೆ ತಂದು, ಟೆಂಪೊದಲ್ಲಿ ಕೂತಿದ್ದ ಅತ್ತೆಯ ಮಡಿಲಿಗೆ ಹಾಕಿದ. ಅವಳು ಕೊನೆಯ ಸುತ್ತಿಗೆ ಬಂದಿದ್ದಳು. ಅಷ್ಟರಲ್ಲಿ ಮದುಮಗನ ತಾಯಿ ಟೆಂಪೊದ ಬಾಗಿಲು ಎಳೆದರು.

"ಅಯ್ಯ ನಮ್ಮವ್ವ! ನನ್ನ ಮಗನ ಫೇಟಾ ಈ ಮುಂಡೀ ತಲಿಮ್ಯಾಲೇನ?"

ಜನ ಸೇರಿದರು. ಅಪ್ಪ ಕೈ ಮುಗಿದ. "ತಪ್ಪಾತ್ರಿ. ಆಕಿಗೆ ತಲಿ ಸರಿ ಇಲ್ರಿ. ನಾ ಸುತ್ತಿಟ್ಟಿದ್ನ ಎತ್ತಿ ಹಾಕ್ಕೊಂಡಾಳ."

ಅತ್ತೆ ತಮ್ಮನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಫೇಟಾ ತೆಗೆದಿಟ್ಟು, ತಲೆಗೆ ಸೆರಗು ಹೊದ್ದು, ಬಾಯಿ ಸೊಟ್ಟ ಮಾಡಿ, ಹುಚ್ಚಿಯ ಹಾಗೆ ನಕ್ಕಳು. ಅದನ್ನೂ ಅವಳು ಚೆನ್ನಾಗಿಯೇ ಮಾಡಿದಳು. ಮದುಮಗ ಟೋಪಿ ಹಾಕಿಕೊಂಡು ಮದುವೆಯಾದ. ನಮ್ಮ ಅಂಗಡಿ ಉಳಿಯಿತು. ಮರುದಿನ ಬೆಳಿಗ್ಗೆ ಅವಳು ಮತ್ತೆ ಕನ್ನಡಿ ಮುಂದೆ ಕೂತಳು. ಆದರೆ ದನಿ ದಪ್ಪ ಮಾಡಿ ನನ್ನನ್ನು ಗದರುವುದನ್ನು ಬಿಟ್ಟುಬಿಟ್ಟಳು. ನನಗೆ ಅಪ್ಪನ ಮೇಲೆ ಹುಟ್ಟಿದ ಸಿಟ್ಟು ಇಂದಿಗೂ ಆರಿಲ್ಲ.

ಈಗೀಗ ಹಬ್ಬ, ಜಯಂತಿ ಬಂದರೆ ಬೆಳಗಾವಿಯ ಹುಡುಗಿಯರು ಕಚ್ಚೆ ಸೀರೆ ಉಟ್ಟು, ಫೇಟಾ ಕಟ್ಟಿಕೊಂಡು, ಕಪ್ಪು ಕನ್ನಡಕ ಹಾಕಿ ಬೈಕ್ ರ್‍ಯಾಲಿ ಹೊರಡುತ್ತಾರೆ. ಹುಡುಗಿಯರ ತಲೆಗೆ ಅಪ್ಪ ಕೈ ಹಚ್ಚುವಂತಿಲ್ಲ ಎಂಬ ನೆಪದಲ್ಲಿ ಅತ್ತೆಗೆ ಮೊದಲ ಸಲ ಅಂಗಡಿಯ ಮುಂಭಾಗದಲ್ಲಿ ಜಾಗ ಸಿಕ್ಕಿತು. ನಾಲ್ಕು ಜನರ ಎದುರು ಅವಳ ಕೈ ಓಡುವುದನ್ನು ನೋಡಿ ನನಗೆ ಹಿಗ್ಗೋ ಹಿಗ್ಗು. ಇನ್ನು ಕಾಲ ಬದಲಾಯಿತು ಅಂದುಕೊಂಡೆ.

"ಅಜ್ಜಿ, ನೀವೂ ಕಟ್ಕೋರಿ, ಸೆಲ್ಫಿ ತಗೋಳೂಣು" ಎಂದಳು ಒಬ್ಬ ಹುಡುಗಿ.

ಅತ್ತೆಯ ಕೈ ಬಟ್ಟೆಯತ್ತ ಹೋಗಿಯೂ ಹೋಯಿತು. "ಹುಡುಗ್ಯಾರ ಶೋಕಿ ಬ್ಯಾರೆ, ನಿಂದು ಬ್ಯಾರೆ. ಒಳಗ ನಡಿ ಅಕ್ಕಾ" ಎಂದ ಅಪ್ಪ. ಅವಳು ಎದ್ದು ನಡೆದಳು. ಸಂಜೆ ಹುಡುಗಿಯರು ಬಾಡಿಗೆಯ ಫೇಟಾಗಳನ್ನು ಮರಳಿಸಿ, ತಾವೇ ಓಡಿಸಿದ್ದ ಬೈಕುಗಳ ಹಿಂದಿನ ಸೀಟಿನಲ್ಲಿ ಅಣ್ಣಂದಿರ ಬೆನ್ನಿಗೆ ಕೂತು ಮನೆಗೆ ಹೋದರು. ಆ ಫೇಟಾಗಳನ್ನು ಬಿಚ್ಚಿ ಮಡಚುತ್ತ ಅತ್ತೆ ನನಗೆ ಹೇಳಿದಳು:

"ಸತ್ತ ಮ್ಯಾಲ ನನ್ನ ಕುಂದ್ರಸ್ತೀರಲ್ಲ, ಅವಾಗ ಒಂದು ಕಟ್ರಿ ಯವ್ವಾ. ಸತ್ತಾಕಿಗೆ ಯಾರ ಏನ ಅಂತಾರ?"

ನಮ್ಮಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂರಿಸುತ್ತಾರೆ. ಗಂಡಸಾದರೆ ತಲೆಗೆ ಫೇಟಾ, ಹೆಂಗಸಾದರೆ ತಲೆ ತುಂಬ ಸೆರಗು. ಓಣಿಯಲ್ಲಿ ಸತ್ತ ಗಂಡಸರಿಗೂ ಅತ್ತೆಯೇ ಸುತ್ತಿ ಕಳಿಸುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಅತ್ತೆ ಹೋದಳು. ಅವಳೇ ಗಂಜಿ ಹಾಕಿಟ್ಟಿದ್ದ ಕೇಸರಿ ಬಟ್ಟೆ ಹಿಡಿದು ಎಲ್ಲರೆದುರು ಅವಳ ಆಸೆ ಹೇಳಿದೆ. ಹಿರಿಯರೊಬ್ಬರು, "ಹೆಣ್ಣ ಹೆಣ್ಣಾಗೇ ಹೋಗ್ಲಿ ಬಿಡವಾ" ಎಂದರು. ಎಲ್ಲರೂ ಅಪ್ಪನತ್ತ ನೋಡಿದರು.

"ಇವತ್ತರೆ ಖರೇ ಹೇಳಪ್ಪಾ" ಎಂದೆ.

ಅಪ್ಪ ಬಟ್ಟೆಯನ್ನು ನೋಡಿದ, ನನ್ನನ್ನು ನೋಡಲಿಲ್ಲ. "ಸೆರಗು ಹೊದಸ್ರಿ" ಎಂದ.

ಅತ್ತೆಯ ತಲೆ ನಿಲ್ಲದೆ ಮುಂದಕ್ಕೆ ವಾಲುತ್ತಿತ್ತು. ಯಾರೋ ಕಟ್ಟಲಿಕ್ಕೆ ಬಟ್ಟೆ ಕೇಳಿದರು. ಯಾರೋ ನನ್ನ ಕೈಯಲ್ಲಿದ್ದುದನ್ನೇ ತೆಗೆದುಕೊಂಡು ಉದ್ದಕ್ಕೆ ಒಂದು ಪಟ್ಟಿ ಹರಿದು, ಹಣೆಯ ಮೇಲಿಂದ ಹಾಯಿಸಿ, ಹಿಂದೆ ಗೋಡೆಯ ಮೊಳೆಗೆ ಬಿಗಿದರು. ಅದು ಸರಿಯಾಗಿ ಆ ಗೆರೆಯ ಮೇಲೆ ಕೂತಿತು. ಅದರ ಮೇಲೆ ಹುಬ್ಬಿನವರೆಗೆ ಸೆರಗು ಎಳೆದರು.

ನಮಸ್ಕರಿಸಲು ಬಂದ ಹೆಂಗಸರು ತಮ್ಮತಮ್ಮಲ್ಲೇ ಮಾತಾಡಿಕೊಂಡರು: "ನೋಡ್ರಿ, ಹೋಗೂ ಮುಂದೂ ಸೆರಗು ಜಾರಿಲ್ಲ. ಎಂಥಾ ಮರ್ಯಾದಸ್ಥ ಹೆಂಗಸು."