ಗೋಡೆಯಾಚೆಗೆ ಹೋದ ಬಾಲಯೇಸು

೧೯೭೯ರಲ್ಲಿ ನಾನು ಕಾಪು ಮತ್ತು ಇನ್ನಂಜೆಯ ನಡುವಿನ ಒಂದು ಸಣ್ಣ ಚರ್ಚಿಗೆ ಧರ್ಮಗುರುವಾಗಿ ವರ್ಗವಾಗಿ ಬಂದೆ. ಗದ್ದೆಗಳ ನಡುವೆ ಚದುರಿದ ಕೊಂಕಣಿ ಮನೆಗಳು, ಮಳೆಗಾಲದಲ್ಲಿ ಸೋರುವ ಮಾಡು. ಊರ ಕ್ರೈಸ್ತರ ಹಿರಿಯರಾದ ಗುರ್ಕಾರರಿಗೆ ಪದ್ಧತಿಯೇ ಪ್ರಾಣ. ನಾನು ಮೊಂಬತ್ತಿಯನ್ನು ಎಡದಿಂದ ಬಲಕ್ಕೆ ಸರಿಸಿದರೂ ಅವರ ಹುಬ್ಬು ಮೇಲೇರುತ್ತಿತ್ತು.

ಗ್ರೇಶನ್ ಎಂಬವನು ಉಡುಪಿ–ಕಾರ್ಕಳ ಬಸ್ಸಿನ ಡ್ರೈವರ್. ಪ್ರತಿ ಭಾನುವಾರ ಹೆಂಡತಿ ಲೂಸಿಯನ್ನು ಸೈಕಲಿನಲ್ಲಿ ಕರೆತಂದು ಬಾಗಿಲಲ್ಲಿ ಇಳಿಸಿ, ತಾನು ಮಾತ್ರ ಚರ್ಚಿನ ಪಕ್ಕದ ಸ್ಮಶಾನದ ಕೆಂಪುಕಲ್ಲಿನ ಗೋಡೆಯಾಚೆ ಗೇರುಮರದ ಕೆಳಗೆ ನಿಲ್ಲುತ್ತಿದ್ದ. ಬೀಡಿ ಸೇದಲು ಹೋಗುತ್ತಾನೆಂದೇ ನಾನು ತಿಳಿದಿದ್ದೆ.

ವಿಷಯ ಹೇಳಿದವರು ಗುರ್ಕಾರರು. ಹಲವು ವರ್ಷಗಳ ಹಿಂದೆ ಗ್ರೇಶನನ ಚೊಚ್ಚಲ ಮಗು ಹುಟ್ಟಿದ ಸ್ವಲ್ಪ ಹೊತ್ತಿಗೇ, ಕ್ರೈಸ್ತ ಸಭೆಗೆ ಸೇರಿಸುವ ಜ್ಞಾನಸ್ನಾನಕ್ಕೆ ಮೊದಲೇ ತೀರಿಕೊಂಡಿತ್ತು. ಜ್ಞಾನಸ್ನಾನವಾಗದ ಶಿಶುವಿಗೆ ಸ್ಮಶಾನದ ಮಂತ್ರಿಸಿದ ನೆಲದಲ್ಲಿ ಜಾಗವಿಲ್ಲ ಎಂಬುದು ಆಗಿನ ಕಟ್ಟಳೆ. ಹಾಗಾಗಿ ಗೋಡೆಯ ಹೊರಗೆ, ಆ ಗೇರುಮರದ ಕೆಳಗೆ ಮಣ್ಣುಮಾಡಿದ್ದರು. ನಾನು ಬರುವಷ್ಟರಲ್ಲಿ ಆ ಕಟ್ಟಳೆ ಸಡಿಲಾಗಿ, ಅಂಥ ಶಿಶುಗಳಿಗೂ ಪ್ರಾರ್ಥನೆಗಳು ಬಂದಿದ್ದವು. ಆದರೆ ಅದನ್ನು ಗ್ರೇಶನನಿಗೆ ಹೇಳಲು ಯಾರೂ ಹೋಗಿರಲಿಲ್ಲ.

ಡಿಸೆಂಬರ್ ಮೊದಲಲ್ಲಿ ಮಣಿಪಾಲದ ಆಸ್ಪತ್ರೆಯಲ್ಲಿ ಲೂಸಿ ಹೆಣ್ಣುಮಗುವನ್ನು ಹೆತ್ತಳು. ನೋಡಲು ಮನೆಗೆ ಹೋದೆ. ಬಾಣಂತಿ ಅಳುತ್ತಿದ್ದಳು.

“ಜ್ಞಾನಸ್ನಾನವೇ ಬೇಡ ಅಂತಾರೆ ಫಾದರ್. ಇವಳಿಗೂ ಎಂತಾದರೂ ಆದರೆ?”

ಗ್ರೇಶನ್ ನನಗೆ ಚಹಾ ಕೊಟ್ಟು, ನಿಂತುಕೊಂಡೇ ಹೇಳಿದ: “ನನ್ನ ಮಗನಿಗೆ ಜಾಗ ಇಲ್ಲ ಅಂದ ದೇವರ ಹತ್ತಿರ ನನಗೆ ಎಂತ ಕೆಲಸ ಉಂಟು?”

ಚಹಾ ಕುಡಿದು ಎದ್ದುಬಂದೆ.

ಕ್ರಿಸ್ಮಸ್ ಬೆಳಗಿನ ಪೂಜೆಯಲ್ಲಿ ಸುವಾರ್ತೆ ಓದುತ್ತಿದ್ದೆ. ಮರಿಯಳಿಗೂ ಜೋಸೆಫನಿಗೂ ಛತ್ರದಲ್ಲಿ ಜಾಗ ಸಿಗಲಿಲ್ಲ ಎಂಬಲ್ಲಿಗೆ ಬಂದಾಗ ತಲೆಯೆತ್ತಿ ನೋಡಿದೆ. ಅದು ಗ್ರೇಶನನದೇ ಮಾತು. ಕಿಟಕಿಯಾಚೆ ಅವನ ಬೆನ್ನು ಕಾಣುತ್ತಿತ್ತು. ಲೂಸಿ ಮನೆಯಲ್ಲಿದ್ದರೂ ಅವನು ಬಂದಿದ್ದ, ಮಗನ ಹತ್ತಿರ ನಿಲ್ಲಲು.

ಪೂಜೆ ಮುಗಿದ ಮೇಲೆ, ಕ್ರಿಸ್ತಜನನದ ಕೊಟ್ಟಿಗೆಯಂತೆ ಕಟ್ಟಿದ ಗೋದಲಿಯ ಬಾಲಯೇಸುವಿನ ಪಾದಕ್ಕೆ ಜನ ಸಾಲಾಗಿ ಬಂದು ಮುತ್ತಿಡುವುದು ವಾಡಿಕೆ. ನಾನು ಮೂರ್ತಿಯನ್ನು ಎತ್ತಿಕೊಂಡು ಬಾಗಿಲಿನತ್ತ ನಡೆದೆ.

“ಎಲ್ಲಿಗೆ ಫಾದರ್? ಹಾಗೆಲ್ಲ ಪದ್ಧತಿ ಇಲ್ಲ!” ಗುರ್ಕಾರರು ಅಡ್ಡಬಂದರು.

“ಇವನು ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ. ಅದು ಯಾವ ಪದ್ಧತಿ? ಬನ್ನಿ.”

ಗೊಣಗುತ್ತಲೇ ಅವರು ತೀರ್ಥದ ಪಾತ್ರೆ ಹಿಡಿದು ಬಂದರು. ಹಿಂದೆ ಊರಿಗೆ ಊರೇ ಬಂತು.

ನಮ್ಮನ್ನು ಕಂಡು ಗ್ರೇಶನ್ ತಬ್ಬಿಬ್ಬಾದ. ಶಿಶುಗಳ ಪ್ರಾರ್ಥನೆಗೆ ಹೆಸರು ಬೇಕಿತ್ತು. “ಎಂತ ಹೆಸರಿಡಬೇಕೆಂದಿದ್ದಿರಿ?” ಎಂದು ಕೇಳಿದೆ. ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ ಅದು.

“ಜೋಕಿಮ್,” ಎಂದ. “ನನ್ನ ಅಪ್ಪನ ಹೆಸರು.” ನಮ್ಮಲ್ಲಿ ಚೊಚ್ಚಲ ಗಂಡುಮಗುವಿಗೆ ಅಜ್ಜನ ಹೆಸರೇ.

ಜೋಕಿಮನ ಹೆಸರು ಹೇಳಿ ಪ್ರಾರ್ಥಿಸಿದೆ, ಮಣ್ಣಿಗೆ ತೀರ್ಥ ಚಿಮುಕಿಸಿದೆ. ಗ್ರೇಶನ್ ಮಗುವಿನಂತೆ ಅತ್ತ. ನನಗೂ ಅಳು ತಡೆಯಲಾಗಲಿಲ್ಲ. ಗುರ್ಕಾರರು ಕನ್ನಡಕ ಒರೆಸುತ್ತಿದ್ದರು. ಬಾಲಯೇಸುವನ್ನು ಗ್ರೇಶನನ ಕೈಗೆ ಕೊಟ್ಟೆ. ಹಸುಗೂಸನ್ನು ಎತ್ತುವವರ ಹಾಗೆ ಕುತ್ತಿಗೆಯ ಕೆಳಗೆ ಅಂಗೈ ಇಟ್ಟು ಹಿಡಿದುಕೊಂಡ.

“ಬಿಸಿಲು ಬಂತಲ್ವಾ ಫಾದರ್,” ಎಂದ. “ಇವನನ್ನು ಒಳಗೆ ಕರಕೊಂಡು ಹೋಗುವ.”

ಅವನೇ ಮುಂದೆ ನಡೆದು ಚರ್ಚಿನೊಳಗೆ ಹೋದ. ಮರು ಭಾನುವಾರ ಮಗಳ ಜ್ಞಾನಸ್ನಾನವಾಯಿತು.

ಮುನಿಸಿಕೊಂಡವರನ್ನು ದೇವರ ಬಳಿಗೆ ಕರೆಯುವುದೇ ನನ್ನ ಕೆಲಸವೆಂದು ನಂಬಿದ್ದೆ. ಆದರೆ ರಾಜಿಗೆ ಮೊದಲು ಹೊರಟುಬಂದವನು ದೇವರೇ, ಅದೂ ಎತ್ತಿಕೊಳ್ಳಬೇಕಾದ ಕೂಸಾಗಿ. ಕ್ರಿಸ್ಮಸ್ ಎಂದರೆ ಅಷ್ಟೇ. ಅಲ್ಲಿಂದ ಮುಂದೆ ಯಾರಾದರೂ ಪೂಜೆಗೆ ಬರುತ್ತಿಲ್ಲವೆಂದು ದೂರು ಬಂದರೆ, ಅವರು ಎಲ್ಲಿ ನಿಂತಿದ್ದಾರೆಂದು ನೋಡಲು ನಾನೇ ಹೊರಗೆ ಹೋಗುತ್ತಿದ್ದೆ.