ಗಾಜಿಗೆ ಬಳಿದ ಕೆಮ್ಮಣ್ಣು

ಆ ಮನೆಗೆ ಸುಣ್ಣ ಹೊಡೆಸಿದ್ದಕ್ಕೆ ನಾನು ತೆತ್ತದ್ದು ಹನ್ನೆರಡು ರೂಪಾಯಿ. ಸುಣ್ಣ ಹೊಡೆದವನು ತೆತ್ತದ್ದು ಬಲಗೈ. ಕಾರಣ ನನ್ನ ಅವಸರ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಹಾಸನದ ಕಡೆಯಿಂದ ಬರಿಗೈಯಲ್ಲಿ ಬಂದು, ಅಮ್ಮತ್ತಿಯಲ್ಲಿ ಅಕ್ಕಿ ಅಂಗಡಿ ಇಟ್ಟು ಕಟ್ಟಿಸಿದ ಮನೆ ಅದು. ಎಸ್ಟೇಟಿನವರಿಗೆ ಬಾಡಿಗೆಗೆ ಕೊಡಬೇಕೆಂದೇ ಬಂಗಲೆಯ ಹಾಗೆ ಗಾಜಿನ ಕಿಟಕಿ ಇಡಿಸಿದ್ದೆ.

ಸುಣ್ಣದವನು ಮಲಯಾಳದ ಕಡೆಯವನು, ಯಜಮಾನನಿಗೆ ಮೊದಲಾಳಿ ಎನ್ನುವವನು. ಮೊದಲ ದಿನವೇ ಕೆಮ್ಮಣ್ಣನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಎಲ್ಲ ಗಾಜಿಗೂ ಬಳಿದ. ಸಿಡಿದ ಸುಣ್ಣ ಮಣ್ಣಿನ ಮೇಲೆ ಬೀಳುತ್ತದೆ. ಕೊನೆಗೆ ನೀರು ಹೊಯ್ದರೆ ಎರಡೂ ಹೋಗುತ್ತವೆ. ಎರಡನೆಯ ಸಲ ಸುಣ್ಣ ಹೊಡೆಯುವುದು ಬಾಕಿ ಇರುವಾಗ, ಎಸ್ಟೇಟಿನ ದೊರೆ ನಾಳೆ ಬೆಳಿಗ್ಗೆಯೇ ಮನೆ ನೋಡಲು ಬರುತ್ತಾರೆಂದು ಸುದ್ದಿ ಬಂತು.

"ಮಣ್ಣು ತೊಳಿಯೋ, ಗಾಜು ಹೊಳೀಬೇಕು" ಎಂದೆ.

"ಮೊದಲಾಳಿ, ಸುಣ್ಣ ಇನ್ನೊಂದು ಸಲ ಹೊಡೀಲಿಕ್ಕೆ ಉಂಟಲ್ಲ. ಆಮೇಲೆ ತೊಳೆದರೆ ಆಗುದಿಲ್ವಾ?"

"ಆಮೇಲೆ ಕತ್ತಲಾಗುತ್ತೆ. ಕೈ ನಡುಗದಿದ್ರೆ ಸುಣ್ಣ ಯಾಕೆ ಸಿಡಿಯುತ್ತೆ? ಕೂಲಿ ಇಸ್ಕೊಳ್ಳೋವಾಗ ನಡುಗಲ್ವಲ್ಲ!"

ಬಾಗಿಲು ಕೂರಿಸುತ್ತಿದ್ದ ಬಡಗಿ ನಕ್ಕ. ಇವನು ತಲೆ ತಗ್ಗಿಸಿ ಮಣ್ಣು ತೊಳೆದ, ಸುಣ್ಣ ಹೊಡೆದ.

ಬೆಳಿಗ್ಗೆ ನೋಡಿದರೆ ಗಾಜಿನ ತುಂಬ ಸುಣ್ಣದ ಹಕ್ಕಳೆ. ಒದ್ದೆ ಗೋಣಿ ಹೊದಿಸಿ ನೆನೆಸಬೇಕು, ಮಧ್ಯಾಹ್ನದವರೆಗೆ ಬಿಡಿ ಎಂದು ಬೇಡಿಕೊಂಡ. ದೊರೆ ಹತ್ತು ಗಂಟೆಗೆ ಬರುವವರು. ಬಡಗಿಯ ಉಳಿಯನ್ನು ಅವನ ಕೈಗಿತ್ತು "ಕೆರಿ" ಎಂದೆ. ಮೂರನೆಯ ಗಾಜು ಒಡೆದು ಅಂಗೈ ಸೀಳಿತು. ಪಂಚೆ ಹರಿದು ಕಟ್ಟಿದೆವು, ಅವನದೇ ಪಂಚೆ. ನೆಲದ ರಕ್ತ ತೊಳೆಸುವಷ್ಟರಲ್ಲಿ ದೊರೆಯ ಕಾರು ಬಂತು. ತಮ್ಮ ಮ್ಯಾನೇಜರಿಗೆಂದು ಮನೆ ಒಪ್ಪಿದರು. ಒಡೆದ ಗಾಜಿನ ಬೆಲೆಯನ್ನು ನಾನು ಕೂಲಿಯಲ್ಲಿ ಹಿಡಿದುಕೊಂಡೆ.

ಮರುವರ್ಷ ಅದೇ ಮನೆಗೆ ಸುಣ್ಣ ಹೊಡೆಯಲು ಅವನೇ ಬಂದ. ಬೆರಳು ಮಡಚುತ್ತಿರಲಿಲ್ಲ, ಕುಂಚವನ್ನು ತೆಂಗಿನ ಹಗ್ಗದಿಂದ ಮುಂಗೈಗೆ ಬಿಗಿದುಕೊಂಡಿದ್ದ. ಅರ್ಧ ಕೂಲಿ ಎಂದೆ. ಬೇರೆ ಯಾರೂ ಅವನನ್ನು ಕರೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಒಪ್ಪಿಕೊಂಡ. ಎಡಗೈಯಲ್ಲಿ ಮಣ್ಣು ಕಲಸುತ್ತಾ ಕೇಳಿದ:

"ಈ ಸಲ ದೊರೆ ಯಾವಾಗ ಬರ್ತಾರೆ, ಮೊದಲಾಳಿ?"

ಬಡಗಿ ಇದ್ದಿದ್ದರೆ ಅದಕ್ಕೂ ನಗುತ್ತಿದ್ದನೇನೋ.

ನೀವು ಸುಣ್ಣ ಹೊಡೆಸುವಾಗ ಗಾಜಿಗೆ ಮೊದಲು ಮಣ್ಣು ಬಳಿಸಿ. ಕೆಮ್ಮಣ್ಣಿಲ್ಲದಿದ್ದರೆ ಗಂಜಿಯಲ್ಲಿ ಹಳೆಯ ಪೇಪರ್ ಅಂಟಿಸಿ. ಕೊನೆಯ ಸಲದ ಸುಣ್ಣ ಮುಗಿಯುವ ತನಕ ಯಾರು ಬಂದರೂ ತೆಗೆಯಬೇಡಿ. ಸುಣ್ಣ ಸಿಡಿದರೆ ಹಸಿಯಿರುವಾಗಲೇ ಒರೆಸಿ. ಒಣಗಿದರೆ ಒದ್ದೆ ಗೋಣಿ ಹೊದಿಸಿ ಕಾಯಿರಿ. ಉಳಿ ಕೊಡಬೇಡಿ. ಕೊಡಲೇಬೇಕೆನಿಸಿದರೆ, ಮೊದಲ ಗಾಜನ್ನು ನೀವೇ ಕೆರೆದು ನೋಡಿ.