ಎಡಗೈಗೆ ಒಂದು ಚಾಕು

ಕಳೆದ ಶನಿವಾರ ಮಧ್ಯಾಹ್ನ ಶಿವಾಜಿನಗರದ ಒಂದು ಹಾರ್ಡ್‌ವೇರ್ ಅಂಗಡಿಯ ಮುಂದೆ ನಾನು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯೊಂದರಲ್ಲೇ ಮಡಚುವ ಚಾಕುಗಳನ್ನು ತೆರೆಯುತ್ತ, ಮುಚ್ಚುತ್ತ ನಿಂತಿದ್ದೆ.

ಅಂಗಡಿಯವರು ಒಂದೆರಡು ಬಾರಿ ನನ್ನ ಬೆನ್ನ ಹಿಂದೆ ಇಣುಕಿದರು. ಆಮೇಲೆ ತಡೆಯಲಾಗಲಿಲ್ಲ.

"ಕೈಗೇನಾಯ್ತು ಮೇಡಂ?"

"ಏನೂ ಆಗಿಲ್ಲ."

"ಮತ್ತೆ ಯಾಕೆ ಹಿಂದೆ ಇಟ್ಕೊಂಡಿದ್ದೀರಾ, ಪೊಲೀಸ್ ಹಿಡ್ಕೊಂಡಂಗೆ?"

"ಒಂದೇ ಕೈಯಲ್ಲಿ ಓಪನ್ ಆಗುತ್ತಾ ಅಂತ ನೋಡ್ತಿದ್ದೀನಿ."

"ಮೇಲಿನವನು ಎರಡು ಕೈ ಕೊಟ್ಟಿದ್ದಾನಲ್ಲ ಮೇಡಂ, ಇನ್ನೊಂದೂ ಯೂಸ್ ಮಾಡಿ. ಎಕ್ಸ್‌ಟ್ರಾ ಚಾರ್ಜ್ ಇಲ್ಲ."

ಪಕ್ಕದಲ್ಲಿ ಬೀಗ ಕೊಳ್ಳುತ್ತಿದ್ದವರು ನಕ್ಕರು. ನಾನೂ ನಕ್ಕೆ. ಒಳ್ಳೆಯ ಜೋಕು. ಆದರೆ ಚಾಕು ನನಗಲ್ಲ, ಅಪ್ಪನಿಗೆ. ಅವರ ಬಲಗೈ ಈಗ ಇದ್ದೂ ಇಲ್ಲ.

ಅಪ್ಪ ವೈರ್‌ಮನ್. ಕಾಕ್ಸ್ ಟೌನ್, ಬೆನ್ಸನ್ ಟೌನ್ ಕಡೆಯ ಹಳೆಯ ಮನೆಗಳ ಗೋಡೆಯೊಳಗೆ ಯಾವ ವೈರು ಎಲ್ಲಿ ಓಡಿದೆ ಎಂದು ಹೊರಗೆ ನಿಂತೇ ಹೇಳುತ್ತಿದ್ದರು. (ಆ ಮನೆಗಳೂ ಈಗ ಇಲ್ಲ. ಫ್ಲಾಟುಗಳಿವೆ.) ಅವರ ಪ್ಯಾಂಟಿನ ಜೇಬಿನಲ್ಲಿ ಸದಾ ಒಂದು ಮಡಚುವ ಚಾಕು. ಕೊಂಬಿನ ಹಿಡಿ, ತುದಿಗೆ ಹಿತ್ತಾಳೆ. ಹಗಲೆಲ್ಲ ಅದು ವೈರಿನ ಸಿಪ್ಪೆ ಸುಲಿಯುತ್ತಿತ್ತು. ಸಂಜೆ ಸೋಪಿನಲ್ಲಿ ತೊಳೆಸಿಕೊಂಡು ಸೀಬೆಕಾಯಿ ಕೊಯ್ಯುತ್ತಿತ್ತು.

ಹಲಸೂರಿನ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು, ಸೀಬೆಕಾಯಿಯನ್ನು ಹೋಳು ಮಾಡಿ, ಉಪ್ಪು-ಖಾರ ಸವರಿ, ಒಂದನ್ನು ನನಗೆ ಕೊಟ್ಟು, "ಏನಮ್ಮಾ, ಇವತ್ತು ಯಾರನ್ನ ಸೋಲಿಸಿ ಬಂದೆ?" ಎಂದು ಕೇಳುವರು. ಅಲ್ಲಿಂದ ಶುರು. ನಾನು ಪರ ಅಂದರೆ ಅವರು ವಿರೋಧ. ನಾನು ವಿರೋಧಕ್ಕೆ ಬಂದರೆ ಅವರು ಸ್ವಲ್ಪವೂ ನಾಚಿಕೆಯಿಲ್ಲದೆ ಪರಕ್ಕೆ ಜಿಗಿಯುವರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಶೀಲ್ಡು ಬಂದದ್ದು ಆ ಮೆಟ್ಟಿಲ ಮೇಲೆ ತಿಂದ ಪೆಟ್ಟಿನಿಂದ. ಮಾತಾಡುವಾಗ ಚಾಕು ಅವರ ತೋರುಬೆರಳು. ಅದನ್ನು ಟಕ್ ಎಂದು ಮಡಚಿದರೆ ವಾದ ಮುಗಿಯಿತು, ತೀರ್ಪು ಅವರ ಕಡೆಗೆ, ಅಪೀಲು ಇಲ್ಲ.

ರಾಹುಕಾಲ, ಶಕುನ, ದೃಷ್ಟಿ ಯಾವುದನ್ನೂ ನಂಬದ ಮನುಷ್ಯ. ಗೋಡೆಯ ಮೇಲಿರುವುದು ಬುದ್ಧನ ಒಂದೇ ಪಟ, ಅದಕ್ಕೂ ಊದುಬತ್ತಿ ಹಚ್ಚಬೇಡಿ ಎನ್ನುವವರು. ಆದರೆ ಒಂದು ವಿಷಯದಲ್ಲಿ ಮಾತ್ರ ಅಲ್ಲಾಡುತ್ತಿರಲಿಲ್ಲ. ಚಾಕನ್ನು ಕೈಯಿಂದ ಕೈಗೆ ಕೊಡಬಾರದು. ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. (ನಿಮ್ಮ ಮನೆಯಲ್ಲೂ ಇದೆ, ಗೊತ್ತು.)

"ಅಪ್ಪಾ, ನಾವು ಚಾಕು ಕೆಳಗಿಟ್ಟೇ ಕೊಡ್ತೀವಿ. ಆದ್ರೂ ದಿನಾ ಜಗಳ ಆಡ್ತೀವಿ. ಹಂಗಾದ್ರೆ ಚಾಕಿಗೂ ಜಗಳಕ್ಕೂ ಸಂಬಂಧ ಇಲ್ಲ ಅಂತ ಪ್ರೂವ್ ಆಯ್ತಲ್ಲ?"

"ಕೆಳಗಿಟ್ಟಿದ್ದಕ್ಕೇ ಇಷ್ಟರಲ್ಲಿ ನಿಂತಿದೆ. ಕೈಗೆ ಕೊಟ್ಟು ನೋಡು, ಆಗ ಗೊತ್ತಾಗುತ್ತೆ."

ಟಕ್ ಎಂದು ಚಾಕು ಮಡಚಿದರು. 

ಈ ಮಳೆಗಾಲದಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯಿತು. ಕಾಲು ಸುಮಾರಾಗಿ ಬಂತು. ಮಾತು ತೊದಲಿ ತೊದಲಿ ಕೊನೆಗೆ ಬಂತು. ಬಲಗೈ ಬರಲಿಲ್ಲ. ಬಾರದೆ ಉಳಿದದ್ದು ಇನ್ನೂ ಒಂದಿದೆ, ಅದು ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ಅಪ್ಪ ವಾದ ಮಾಡುವುದನ್ನು ಬಿಟ್ಟರು. ಫ್ಯಾನ್ ಹಾಕಲಾ? ಆಯ್ತು. ಆರಿಸಲಾ? ಆಯ್ತು. ಪೇಪರಿನ ಶುದ್ಧ ಸುಳ್ಳೊಂದನ್ನು ಬೇಕೆಂದೇ ಗಟ್ಟಿಯಾಗಿ ಓದಿದರೂ "ಇರಬಹುದು." ಎದುರಾಳಿ ವೇದಿಕೆಗೇ ಬಾರದಿದ್ದರೆ ನಿಯಮದ ಪ್ರಕಾರ ಗೆಲುವು ನನ್ನದು. ಇಂಥ ಗೆಲುವನ್ನು ಯಾವ ಕಪಾಟಿನಲ್ಲಿಡಲಿ?

ಹೋದ ತಿಂಗಳು ಒಂದು ಸಂಜೆ ಅಪ್ಪ ಮೆಟ್ಟಿಲ ಮೇಲೆ ಕೂತು ಹಳೆಯ ಚಾಕನ್ನು ಹಲ್ಲಿನಿಂದ ತೆರೆಯಲು ನೋಡುತ್ತಿದ್ದರು. ಆ ಚಾಕಿನ ಅಲಗಿನಲ್ಲಿ ಉಗುರು ಸಿಕ್ಕಿಸಲು ಒಂದು ಸಣ್ಣ ಗೀರು ಇದೆ. ಒಂದು ಕೈ ಹಿಡಿಗೆ, ಇನ್ನೊಂದು ಕೈಯ ಉಗುರು ಗೀರಿಗೆ. ಎರಡು ಕೈಯಿಲ್ಲದೆ ಅದು ತೆರೆಯುವುದಿಲ್ಲ. ಅಮ್ಮ ನೋಡಿದರು, ಕಿರುಚಿದರು, ಕಿತ್ತುಕೊಂಡು ಹೋಗಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಪ್ಪ ಅಂದದ್ದು ಅದೇ. "ಆಯ್ತು."

ನನಗೆ ಕಂಡದ್ದು ಬೇರೆ. ಹಲ್ಲಿನಿಂದಲಾದರೂ ಸರಿ, ಅವರಿಗೆ ಏನೋ ಒಂದು ಬೇಕೆನಿಸಿದೆ. ಚಾಕು ಬಂದರೆ ಸೀಬೆಕಾಯಿ ಬರುತ್ತದೆ, ಸೀಬೆಕಾಯಿ ಬಂದರೆ ವಾದ ಬರುತ್ತದೆ. (ಇದು ತರ್ಕವಲ್ಲ, ಆಸೆ. ಎರಡರ ವ್ಯತ್ಯಾಸ ನನಗೆ ಗೊತ್ತು.)

ಬಜೆಟ್ಟು? ಮಾತ್ರೆ, ಫಿಸಿಯೋ, ಆಟೋ ಎಲ್ಲ ಕಳೆದು ಮಿಕ್ಕಿದ್ದು. ಅಂದರೆ ಒಂದು ಜೊತೆ ಸಾಧಾರಣ ಚಪ್ಪಲಿಯ ಬೆಲೆ.

ಮೊದಲು ಆನ್‌ಲೈನ್. ಅಲೆ ಅಲೆಯಾಗಿ ಗೆರೆಗಳಿರುವ "ಡಮಾಸ್ಕಸ್" ಅಲಗು, ಕೆಳಗೆ ಸ್ಟಾರುಗಳ ಸುರಿಮಳೆ. ತರಿಸಿದೆ. ಪಾತ್ರೆ ತಿಕ್ಕುವ ನಾರಿನಿಂದ ಒಮ್ಮೆ ತಿಕ್ಕಿದೆ. ಡಮಾಸ್ಕಸ್ ಸಿಂಕಿನೊಳಗೆ ಹರಿದು ಹೋಯಿತು. ಉಕ್ಕಿನ ಪದರಗಳಿಂದ ಮೂಡಬೇಕಾದ ಗೆರೆಗಳು ಬರೀ ಪ್ರಿಂಟು. ಅದನ್ನಾದರೂ ಕ್ಷಮಿಸಬಹುದಿತ್ತು. ತೆರೆದ ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ಒತ್ತಿ ನೋಡಿದೆ. ಅಲಗನ್ನು ಹಿಡಿದಿಡಬೇಕಾದ ಲಾಕು ಜಾರಿ ಅದು ಮಡಚಿಕೊಂಡಿತು. ಅಲ್ಲಿ ಅಪ್ಪನ ಬೆರಳಿದ್ದಿದ್ದರೆ?

ವಾಪಸ್ ಕಳಿಸುವ ಮೊದಲು ರಿವ್ಯೂಗಳನ್ನು ಇನ್ನೊಮ್ಮೆ ಓದಿದೆ. "ಲುಕ್ ಸೂಪರ್." "ಡೆಲಿವರಿ ಫಾಸ್ಟ್." ಬೇಗ ತಲುಪಿದ ಮಾತ್ರಕ್ಕೆ ಚಾಕು ಹರಿತವಾಗುತ್ತದೆಯೇ? ಬರೆದವರಲ್ಲಿ ಒಬ್ಬರಾದರೂ ಅದರಲ್ಲಿ ಒಂದು ಹಣ್ಣು ಕೊಯ್ದಿದ್ದರೇ?

ಆಮೇಲೆ ಇಂದಿರಾನಗರ. ನೂರಡಿ ರಸ್ತೆಯಲ್ಲಿ ಟ್ರೆಕಿಂಗ್ ಸಾಮಾನಿನ ಶೋರೂಮು. ಏಸಿ, ಗಾಜಿನ ಪೆಟ್ಟಿಗೆ, ಒಳಗೆ ದೀಪ. ಚಾಕುಗಳು ಒಡವೆಗಳ ಹಾಗೆ ಮಲಗಿದ್ದವು.

"ಇದು ಟ್ಯಾಕ್ಟಿಕಲ್ ಮ್ಯಾಮ್," ಎಂದರು ಸೇಲ್ಸ್‌ನವರು.

"ಯಾರ ಮೇಲೆ ಟ್ಯಾಕ್ಟಿಕ್ಸು? ಸೀಬೆಕಾಯಿ ಮೇಲಾ?"

"ಸರ್ವೈವಲ್‌ಗೆ ಮ್ಯಾಮ್. ಕಾಡಲ್ಲಿ ಒಬ್ಬರೇ ಸಿಕ್ಕಾಕೊಂಡ್ರೆ ಬೇಕಾಗುತ್ತೆ."

"ಹಲಸೂರಲ್ಲಿ ಮೆಟ್ಟಿಲ ಮೇಲೆ ಒಬ್ಬರೇ ಸಿಕ್ಕಾಕೊಂಡ್ರೆ?"

ಅವರು ನನ್ನನ್ನೇ ನೋಡಿದರು. ಅವರ ತಪ್ಪಲ್ಲ. ಚಾಕು ನಿಜವಾಗಿ ಚೆನ್ನಾಗಿತ್ತು, ಕೀಲು ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಬೆಲೆ ನೋಡಿ ಕೆಳಗಿಟ್ಟೆ. ಇಡುವಾಗ ಇನ್ನೊಂದು ಗಮನಕ್ಕೆ ಬಂತು. ಅದರ ಲಾಕು ಇರುವುದು ಬಲಗೈಯ ಹೆಬ್ಬೆರಳು ಬೀಳುವ ಜಾಗದಲ್ಲಿ. ಅಷ್ಟು ದುಡ್ಡು ಸುರಿದರೂ ಎಡಗೈಯವರು ಒದ್ದಾಡಬೇಕು.

ಪದದ ಅರ್ಥ ಇತ್ಯರ್ಥವಾಗದೆ ವಾದಕ್ಕೆ ಇಳಿಯಬೇಡ ಎಂಬುದು ಚರ್ಚೆಯ ಮೊದಲ ಪಾಠ. ಹಾಗಾದರೆ ಗುಣಮಟ್ಟ ಎಂದರೇನು? ಉಕ್ಕಿನ ಹೆಸರೇ, ಮಾಡಿದ ದೇಶವೇ? ಅಪ್ಪನ ಹಳೆಯ ಚಾಕಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಅದು ಬೀರುವಿನಲ್ಲಿದೆ. ಚಾಕು ಕೆಟ್ಟಿಲ್ಲ, ಕೈ ಕೆಟ್ಟಿದೆ. ಮನೆಯಲ್ಲಿ ಒಮ್ಮೆ ಕಣ್ಣಾಡಿಸಿ ನೋಡಿ. ಟೂತ್‌ಪೇಸ್ಟಿನ ಮುಚ್ಚಳ, ಮಾತ್ರೆಯ ಸ್ಟ್ರಿಪ್ಪು, ಅಂಗಿಯ ಗುಂಡಿ, ಬಿಸ್ಕೆಟ್ ಪ್ಯಾಕೆಟ್ಟು. ಇವನ್ನೆಲ್ಲ ಮಾಡಿದವರು ನಮ್ಮನ್ನು ಏನನ್ನೂ ಕೇಳದೆ ಎರಡು ಕೈ ಇವೆ ಎಂದುಕೊಂಡಿದ್ದಾರೆ. ನಾವೂ ಹಾಗೇ ಅಂದುಕೊಂಡಿರುತ್ತೇವೆ, ಒಂದು ಬೆಳಗ್ಗೆಯವರೆಗೆ.

ಹೀಗೆ ಸುತ್ತಿ ಶಿವಾಜಿನಗರಕ್ಕೆ ಬಂದದ್ದು. ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಏನನ್ನು ಬಿಡಬಹುದು, ಏನನ್ನು ಬಿಡಬಾರದು? ಹೊಳಪು ಬಿಡಬಹುದು. ವೆಲ್ವೆಟ್ ಡಬ್ಬಿ ಬಿಡಬಹುದು. ಹೊಟ್ಟೆಯಲ್ಲಿ ಕತ್ತರಿ, ಸ್ಕ್ರೂಡ್ರೈವರು, ಬಾಟಲ್ ಓಪನರು ತುಂಬಿಕೊಂಡು ಯಾವುದನ್ನೂ ಸರಿಯಾಗಿ ಮಾಡದ ಚಾಕನ್ನು ಖಂಡಿತ ಬಿಡಬಹುದು. ಅಂಗಡಿಯಲ್ಲಿ ಮೊಂಡಾಗಿದ್ದರೂ ಚಿಂತೆಯಿಲ್ಲ, ಕಲ್ಲಿಗೆ ಹಾಕಿದರೆ ಹರಿತವಾಗುತ್ತದೆ. ಬಿಡಬಾರದ್ದು ಕೀಲು ಮತ್ತು ಲಾಕು. ತೆರೆದ ಅಲಗನ್ನು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ, ಅಲ್ಲಾಡಿದರೆ ಬೇಡ. ಮುಚ್ಚಿದಾಗ ಅಲಗು ಹಿಡಿಯ ಸರಿಮಧ್ಯೆ ಕೂರದೆ ಒಂದು ಬದಿಗೆ ಉಜ್ಜಿದರೆ ಬೇಡ. ಸಡಿಲ ಕೀಲನ್ನು ಯಾವ ಕಲ್ಲೂ ಬಿಗಿ ಮಾಡುವುದಿಲ್ಲ.

ಅಂಗಡಿಯವರು ಒಳಗಿನಿಂದ ಇನ್ನೊಂದು ತಂದರು. "ಇದು ನೋಡಿ. ಬಟನ್ ಒತ್ತಿದ್ರೆ ಟಕ್ ಅಂತ ಬರುತ್ತೆ. ಒಂದೇ ಕೈ ಅಂದ್ರಲ್ಲ."

"ಇದನ್ನ ಜೇಬಲ್ಲಿ ಇಟ್ಕೊಂಡ್ರೆ ನಮ್ಮಪ್ಪನ್ನ ಸ್ಟೇಷನ್‌ಗೆ ಕರ್ಕೊಂಡು ಹೋಗ್ತಾರೆ."

"ನಿಮ್ ತಂದೇಗಾ? ವಯಸ್ಸಾದೋರ್ಗೆ ಚಾಕು ಯಾಕೆ ಮೇಡಂ? ಹಣ್ಣು ನೀವೇ ಕಟ್ ಮಾಡಿ ಕೊಟ್ಬಿಡಿ."

ಅಮ್ಮನ ವಾದವೂ ಇದೇ. ಅವರದು ಇನ್ನೂ ಗಟ್ಟಿ. "ರಕ್ತ ತೆಳು ಮಾಡೋ ಮಾತ್ರೆ ನುಂಗ್ತಿದ್ದಾರೆ. ಕೈ ಕುಯ್ಕೊಂಡ್ರೆ ರಕ್ತ ನಿಲ್ಲಲ್ಲ. ಆಗ ನಿನ್ನ ಭಾಷಣ ಕಟ್ಟಿ ನಿಲ್ಲಿಸ್ತೀಯಾ?" ಇದರೆದುರು ನನ್ನ ಹತ್ತಿರ ಇರುವುದು ಇಷ್ಟೇ: ಅಮ್ಮ ಕೊಯ್ದು ತಟ್ಟೆಯಲ್ಲಿಟ್ಟ ಹೋಳುಗಳನ್ನು ಅಪ್ಪ "ಆಯ್ತು" ಎಂದು ಪಕ್ಕಕ್ಕಿಡುತ್ತಾರೆ. ಅವು ಅಲ್ಲೇ ಕಂದಾಗುತ್ತವೆ. ರಕ್ತ ಹರಿಯದಂತೆ ನೋಡಿಕೊಳ್ಳುವುದೂ ಮನುಷ್ಯನನ್ನು ನೋಡಿಕೊಳ್ಳುವುದೂ ಒಂದೇಯೇ?

ಕೊನೆಗೆ ಸಿಕ್ಕಿದ್ದು ಅಂಗಡಿಯಲ್ಲೇ ಅತ್ಯಂತ ಕುರೂಪಿ. ದೊರಗು ದೊರಗಾದ ಕಪ್ಪು ಪ್ಲಾಸ್ಟಿಕ್ ಹಿಡಿ. ಅಲಗಿನಲ್ಲಿ ಹೆಬ್ಬೆರಳು ಕೂರುವಷ್ಟು ದುಂಡನೆಯ ತೂತು, ಯಾವ ಕೈಯ ಹೆಬ್ಬೆರಳಾದರೂ ನಡೆಯುತ್ತದೆ. ಲಾಕು ಹಿಡಿಯ ಬೆನ್ನಿನ ಮೇಲೆ. ಅದನ್ನು ಒತ್ತಿ, ಅಲಗಿನ ಬೆನ್ನನ್ನು ತೊಡೆಗೆ ತಾಗಿಸಿ ತಳ್ಳಿದರೆ ಮಡಚಿಕೊಳ್ಳುತ್ತದೆ. ಅಲ್ಲಾಡಿಸಿದೆ, ಅಲ್ಲಾಡಲಿಲ್ಲ.

"ಇದಾ? ಇದನ್ನ ಯಾರೂ ಮುಟ್ಟಲ್ಲ ಮೇಡಂ."

"ಯಾರೂ ಮುಟ್ಟದೇ ಇರೋದಕ್ಕೆ ಇಷ್ಟು ರೇಟ್ ಯಾಕೆ?"

ಅವರು ತಲೆ ಕೆರೆದುಕೊಂಡು ಕಡಿಮೆ ಮಾಡಿದರು. ಮಳೆಗಾಲದಿಂದೀಚೆ ನಾನು ನಿಜವಾಗಿ ಗೆದ್ದ ವಾದ ಅದೊಂದೇ.

ಚಾಕು ಇಟ್ಟುಕೊಂಡು ಮೆಟ್ರೋ ಹತ್ತುವಂತಿಲ್ಲ. ಬಸ್ಸಿನಲ್ಲಿ ಮನೆಗೆ ಬಂದೆ. ಮನೆಯ ಪದ್ಧತಿಯಂತೆ ಚಾಕನ್ನು ಟೀಪಾಯಿಯ ಮೇಲೆ, ಅಪ್ಪನ ಎಡಗೈಯ ಹತ್ತಿರ ಇಟ್ಟೆ.

ಅಪ್ಪ ನೋಡಿದರು. "ಚೆನ್ನಾಗಿದೆ."

ಎತ್ತಿಕೊಳ್ಳಲಿಲ್ಲ.

ಭಾನುವಾರವೂ ಅದು ಅಲ್ಲೇ ಇತ್ತು. ಮೇಲೆ ಪೇಪರು ಬಿತ್ತು, ಅದರ ಮೇಲೆ ಕನ್ನಡಕದ ಡಬ್ಬಿ. ಅಮ್ಮ ಧೂಳು ಒರೆಸುವಾಗ ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಟ್ಟರು. "ಹೇಳಿದ್ನಲ್ಲ," ಎಂದರು. ಗೆದ್ದವರ ದನಿ ಅದಲ್ಲ. ಸೋಲಬೇಕೆಂದು ಅವರಿಗೂ ಆಸೆಯಿತ್ತು ಎಂದು ನನಗೆ ಆಗಲೇ ತಿಳಿದದ್ದು.

ಸೋಮವಾರ ಸಂಜೆ ಗಾಡಿಯವರ ಹತ್ತಿರ ಸೀಬೆಕಾಯಿ ತಂದು, ಅಪ್ಪನನ್ನು ಮೆಟ್ಟಿಲ ಮೇಲೆ ಕೂರಿಸಿದೆ. ಚಾಕನ್ನು ಕೆಳಗಿಡಲಿಲ್ಲ. ಬೇಕೆಂದೇ, ನೇರವಾಗಿ, ಅವರ ಎಡ ಅಂಗೈ ಬಿಡಿಸಿ ಅದರೊಳಗೆ ಇಟ್ಟೆ. ಕೈಯಿಂದ ಕೈಗೆ.

ಕಾದೆ. ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, "ಕೆಳಗಿಡೇ, ಬುದ್ಧಿ ಇಲ್ವಾ" ಎನ್ನುತ್ತಾರೆ ಎಂದು. ನಾನು ತಂದದ್ದು ಚಾಕಲ್ಲ, ಆ ಬೈಗುಳಕ್ಕೆ ಒಂದು ನೆಪ.

ಅಪ್ಪ ತೆಗೆದುಕೊಂಡರು. ಅಷ್ಟೇ.

ಹೆಬ್ಬೆರಳು ತಡಕಾಡಿ ತೂತು ಹುಡುಕಿತು. ನಿಧಾನವಾಗಿ ಅಲಗು ಹೊರಗೆ ಬಂತು, ಲಾಕು ಕೂತಿತು. ಅಮ್ಮ ಬಾಗಿಲಲ್ಲಿ ಹತ್ತಿ ಹಿಡಿದು ನಿಂತಿದ್ದರು. ಅಪ್ಪ ಸೀಬೆಕಾಯಿಯ ಮೇಲೆ ಅಲಗು ಊರಿದರು. ಸೀಬೆಕಾಯಿ ಉರುಳಿತು. ಮತ್ತೆ ಊರಿದರು, ಮತ್ತೆ ಉರುಳಿತು. ಒಂದು ಕೈಯಲ್ಲಿ ತೆರೆಯುವ ಚಾಕಿಗಾಗಿ ಊರೆಲ್ಲ ಅಲೆದ ನಾನು, ಹಣ್ಣನ್ನು ಹಿಡಿದುಕೊಳ್ಳುವ ಕೈ ಯಾವುದೆಂದು ಯೋಚಿಸಿಯೇ ಇರಲಿಲ್ಲ.

ನಾನು ಹಿಡಿದುಕೊಂಡೆ. ಅವರು ಕೊಯ್ದರು. ಹೋಳುಗಳು ದಪ್ಪ, ಸಣ್ಣ, ಸೊಟ್ಟ. ಒಂದನ್ನು ನನ್ನ ಕಡೆ ತಳ್ಳಿದರು. ಯಾರನ್ನು ಸೋಲಿಸಿ ಬಂದೆ ಎಂದು ಕೇಳಲಿಲ್ಲ.

ಕೊನೆಯ ಅಸ್ತ್ರ ತೆಗೆದೆ. ವೈರ್‌ಮನ್ ಮನೆಯಲ್ಲಿ ಆಡಲೇಬಾರದ ಮಾತು. ಇದನ್ನು ಯಾರೋ ಕಂಟ್ರ್ಯಾಕ್ಟರ್ ಅಂದದ್ದಕ್ಕೆ ಅಪ್ಪ ಒಮ್ಮೆ ಕೆಲಸವನ್ನೇ ಬಿಟ್ಟು ಬಂದಿದ್ದರು.

"ಅಪ್ಪಾ, ಮನೆ ವೈರಿಂಗ್‌ಗೆ ತಾಮ್ರಕ್ಕಿಂತ ಅಲ್ಯೂಮಿನಿಯಮ್ಮೇ ವಾಸಿ ಅಲ್ವಾ?"

ಅಪ್ಪ ರಸ್ತೆ ನೋಡುತ್ತ ಅಗಿದರು. ನುಂಗಿದರು.

"ಇರಬಹುದು."

ಅಲಗನ್ನು ತೊಡೆಗೆ ಒತ್ತಿ ಮಡಚಿದರು. ಟಕ್. ಸದ್ದು ಅದೇ. ಅದರಲ್ಲಿ ತೀರ್ಪು ಇರಲಿಲ್ಲ.

ಹತ್ತಿಯ ಅಗತ್ಯ ಬೀಳಲಿಲ್ಲ. ಅಂದಿನಿಂದ ದಿನಾ ಸಂಜೆ ಚಾಕನ್ನು ಅವರ ಅಂಗೈಗೇ ಕೊಡುತ್ತಿದ್ದೇನೆ, ದಿನಾ ಒಂದು ಸುಳ್ಳು ಹೇಳುತ್ತಿದ್ದೇನೆ.

ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದಂತಲ್ಲ, ಎಷ್ಟು ದಿನಕ್ಕೆ ಬರುತ್ತದೆ, ನಂಬಿದವರು ಯಾರಾದರೂ ಹೇಳುತ್ತೀರಾ?